ಲಕ್ಕಿ ಸೊಪ್ಪಿನ ಹಸಿರು ಮಾಡಿದ ಕಿತಾಪತಿ

ತೀರ್ಥಹಳ್ಳಿ ಹತ್ತಿರದ ನಮ್ಮ ಮನೆ ಬೇಲಿ ತುಂಬ ಲಕ್ಕಿ ಗಿಡ. ಮಂಡಿ ನೋವು ಜಾಸ್ತಿಯಾದರೆ ಅಜ್ಜಿ ಒಂದು ಹೊರೆ ಸೊಪ್ಪನ್ನು ಹಂಡೆಗೆ ಹಾಕಿ, ಕುದಿಸಿ, ಆ ನೀರಲ್ಲಿ ಸ್ನಾನ ಮಾಡುತ್ತಾರೆ. ಎಂ.ಫಾರ್ಮ್ ಪ್ರಾಜೆಕ್ಟಿಗೆ ಗಿಡ ಆರಿಸುವಾಗ ನನಗೆ ಬೇರೆ ಯೋಚನೆಯೇ ಬರಲಿಲ್ಲ.

ಸೊಪ್ಪನ್ನು ನೆರಳಲ್ಲಿ ಒಣಗಿಸಿ, ಮಿಕ್ಸಿಯಲ್ಲಿ ಪುಡಿ ಮಾಡಿ, 50 ಗ್ರಾಂ ಪುಡಿಯನ್ನು ಸಾಕ್ಸ್‌ಲೆಟ್‌ಗೆ (ಬಿಸಿ ದ್ರಾವಕ ಮತ್ತೆ ಮತ್ತೆ ಹರಿಸಿ ಸಾರ ಇಳಿಸುವ ಗಾಜಿನ ಉಪಕರಣ) ಹಾಕಿ ಮೆಥನಾಲ್ ಬಿಟ್ಟೆ. ಮೆಥನಾಲ್ ಎಲ್ಲ ಆರಿದ ಮೇಲೆ ಉಳಿದದ್ದು ಜೋನಿ ಬೆಲ್ಲದಂಥ ಅಂಟು. ಬಣ್ಣ ಮಾತ್ರ ಕಪ್ಪುಹಸಿರು. ಬೆರಳಿಗೆ ತಾಗಿದರೆ ಎರಡು ದಿನ ಹೋಗಲ್ಲ.

ಪರೀಕ್ಷೆ ಸರಳ. ಮೊಟ್ಟೆಯ ಬಿಳಿ, ಬಫರ್ (ಪಿಹೆಚ್ ಬದಲಾಗದಂತೆ ನೋಡಿಕೊಳ್ಳುವ ದ್ರಾವಣ), ಜೊತೆಗೆ ಈ ಸಾರ. (ಮೊಟ್ಟೆ ಕೊಂಡ ವಿಷಯ ಮನೆಯಲ್ಲಿ ಆಮೇಲೆ ಹೇಳಿದೆ.) 37 ಡಿಗ್ರಿಯಲ್ಲಿ 15 ನಿಮಿಷ, ನಂತರ 70 ಡಿಗ್ರಿಯಲ್ಲಿ 5 ನಿಮಿಷ. ಬಿಸಿಗೆ ಪ್ರೋಟೀನ್ ಕೆಟ್ಟು ದ್ರಾವಣ ಮಬ್ಬಾಗುತ್ತದೆ. 660 ನ್ಯಾನೋಮೀಟರ್ ತರಂಗಾಂತರದ ಬೆಳಕು ಹಾಯಿಸಿ, ದ್ರಾವಣ ಎಷ್ಟು ಬೆಳಕು ತಡೆಯಿತು ಅಂತ ನೋಡಿ ಆ ಮಬ್ಬನ್ನು ಅಳೆಯಬೇಕು. ಮಬ್ಬು ಕಡಿಮೆಯಾದರೆ ಊತ ತಡೆಯುವ ಗುಣ ಇರಬಹುದು ಅಂತ ಲೆಕ್ಕ. ಹೋಲಿಸೋಕೆ ನೋವು, ಊತದ ಮಾತ್ರೆಯಲ್ಲಿರುವ ಡೈಕ್ಲೋಫೆನಾಕ್.

ಸಾರ ಶೇಕಡಾ ಎಷ್ಟು ಮಬ್ಬು ತಡೆಯಿತು ಅನ್ನುವ ನನ್ನ ಲೆಕ್ಕ ಬಂದದ್ದು ಮೈನಸ್‌ನಲ್ಲಿ! ಸಾರ ಹೆಚ್ಚು ಹಾಕಿದಷ್ಟೂ ರೀಡಿಂಗ್ ಏರುತ್ತಿತ್ತು. ಮೊಟ್ಟೆ ಬದಲಿಸಿದೆ, ಬಫರ್ ಹೊಸದಾಗಿ ಮಾಡಿದೆ, ಪಿಹೆಚ್ ಮತ್ತೆ ನೋಡಿದೆ. ಮೂರು ದಿನ ಸುಮ್ನೆ ಹಾಳು. ನಾಲ್ಕನೇ ದಿನ ಮೇಡಂ ಟ್ಯೂಬನ್ನು ಕಿಟಕಿಗೆ ಹಿಡಿದು ನೋಡಿ, "ಬ್ಲ್ಯಾಂಕ್ ಏನಿಟ್ಟಿದ್ದೀಯಮ್ಮ?" ಅಂದರು.

ಬ್ಲ್ಯಾಂಕ್ ಅಂದರೆ ಯಂತ್ರದಲ್ಲಿ ಸೊನ್ನೆ ಅಂತ ಹಿಡಿಯುವ ಟ್ಯೂಬ್. ನಾನು ಅದರಲ್ಲಿ ಬರೀ ಬಫರ್ ಇಟ್ಟಿದ್ದೆ. ಕ್ಲೋರೋಫಿಲ್ ಹೀರುವುದೇ 660ರ ಆಸುಪಾಸಿನ ಕೆಂಪು ಬೆಳಕನ್ನು. ಮೂರು ದಿನ ನಾನು ಅಳೆದದ್ದರಲ್ಲಿ ಮಬ್ಬಿಗಿಂತ ಸೊಪ್ಪಿನ ಹಸಿರೇ ಜಾಸ್ತಿ! ಆಮೇಲೆ ಪ್ರತಿ ಪ್ರಮಾಣಕ್ಕೂ ಮೊಟ್ಟೆ ಹಾಕದ ಒಂದೊಂದು ಟ್ಯೂಬ್ ಇಟ್ಟು, ಅದರ ರೀಡಿಂಗ್ ಕಳೆದೆ. ಲಕ್ಕಿ ಮಬ್ಬನ್ನು ತಡೆದಿತ್ತು. ಡೈಕ್ಲೋಫೆನಾಕ್‌ನಷ್ಟು ಅಲ್ಲ.

ಅಜ್ಜಿಗೆ ಫೋನ್ ಮಾಡಿ, "ನಿಮ್ಮ ಲಕ್ಕಿ ಮೊಟ್ಟೆ ಪರೀಕ್ಷೆ ಪಾಸಾಯ್ತು" ಅಂದೆ.

"ಮೊಟ್ಟೆಗೆ ಯಾವಾಗ ಮಂಡಿ ನೋವು ಬಂತೇ ಕೂಸೇ?"

ಅವರ ಪ್ರಶ್ನೆ ಸರಿಯೇ ಅಲ್ವಾ? ಟ್ಯೂಬಿನ ಫಲಿತಾಂಶ ಹಿಡಿದು ಸಂಧಿವಾತಕ್ಕೆ ಮದ್ದು ಸಿಕ್ಕಿತು ಅಂತ ಬರೆಯುವವರನ್ನು ಕಂಡರೆ ನನಗೂ ರೇಗುತ್ತದೆ. ಇಲಿಯ ಪಾದಕ್ಕೆ ಕ್ಯಾರಗೀನನ್ ಎಂಬ ಊತ ಬರಿಸುವ ವಸ್ತು ಚುಚ್ಚಿ ಊತ ಅಳೆಯುವ ವಿಧಾನ 1962ರಿಂದ ಇದೆ. ಅದಕ್ಕೆ ಎಥಿಕ್ಸ್ ಕಮಿಟಿ ಒಪ್ಪಿಗೆ ಬೇಕು, ನಮ್ಮದು ಇನ್ನೂ ಬಂದಿಲ್ಲ.

ಅಷ್ಟರೊಳಗೆ ನೀರಲ್ಲಿ ಕುದಿಸಿದ ಸಾರ ನೋಡಬೇಕು. ಅಜ್ಜಿ ಹಂಡೆಗೆ ಮೆಥನಾಲ್ ಹಾಕಲ್ಲವಲ್ಲ. ಹೊಸ ಸೊಪ್ಪು ಹಾಸ್ಟೆಲ್ ರೂಮಲ್ಲಿ ಪೇಪರ್ ಮೇಲೆ ಒಣಗುತ್ತಿದೆ. ವಾಸನೆಗೆ ರೂಮ್‌ಮೇಟ್ ಕಿಟಕಿ ತೆರೆದಿಟ್ಟೇ ಮಲಗುತ್ತಿದ್ದಾಳೆ.