ಫಸ್ಟ್ ಕ್ಲಾಸ್ ಬೋಗಿ, ಹುಷಾರು

ಇವತ್ತು ಅಕ್ಟೋಬರ್ 1. ಚೀನಾದಲ್ಲಿ ರಾಷ್ಟ್ರೀಯ ದಿನದ ಒಂದು ವಾರದ ರಜೆ ಶುರು, ಹಾಂಗ್‌ಕಾಂಗ್‌ನಲ್ಲಿ ಕಾಲಿಡೋಕೆ ಜಾಗ ಇಲ್ಲ.

ಗಡಿಯಾಚೆಯ ಚೀನಾ ನಗರ ಶೆನ್‌ಜೆನ್‌ನ ಫುಟಿಯನ್‌ನಿಂದ ಹಾಂಗ್‌ಕಾಂಗ್‌ನ ವೆಸ್ಟ್ ಕೌಲೂನ್‌ಗೆ ವೇಗದ ರೈಲಲ್ಲಿ ಸುಮಾರು 14 ನಿಮಿಷ. ಎರಡೂ ಕಡೆಯ ಗಡಿ ತಪಾಸಣೆ ವೆಸ್ಟ್ ಕೌಲೂನ್ ನಿಲ್ದಾಣದೊಳಗೇ. ರಜೆ ದಿನ ರೈಲಿಗಿಂತ ಕ್ಯೂನಲ್ಲೇ ಹೆಚ್ಚು ಹೊತ್ತು, ಬಿಡಿ.

ಎಡವಟ್ಟಾಗೋದು ಲೋ ವೂ ಗಡಿ ದಾಟಿ ಹಾಂಗ್‌ಕಾಂಗ್ ಮೆಟ್ರೋದ ಈಸ್ಟ್ ರೈಲ್ ಮಾರ್ಗ ಹಿಡಿಯೋರಿಗೆ. ಒಂಬತ್ತು ಬೋಗಿ, ಅದರಲ್ಲಿ ಒಂದು ಫಸ್ಟ್ ಕ್ಲಾಸ್. ಪಕ್ಕದ ಬೋಗಿಯಿಂದ ಆರಾಮಾಗಿ ನಡ್ಕೊಂಡೇ ಬರಬಹುದು. ಸೀಟು ಖಾಲಿ ಕಂಡ್ರೆ ಸೂಟ್‌ಕೇಸ್ ಸಮೇತ ಕೂತೇಬಿಡ್ತಾರೆ.

ಗೇಟಲ್ಲಿ ಕಾರ್ಡ್ ಮುಟ್ಟಿಸಿದ್ದು ಸಾಮಾನ್ಯ ದರ್ಜೆಗೆ ಮಾತ್ರ. ಪ್ಲಾಟ್‌ಫಾರ್ಮಿನಲ್ಲೋ ಬೋಗಿಯೊಳಗೋ ಇರೋ ಪುಟ್ಟ ಯಂತ್ರಕ್ಕೆ ಇನ್ನೊಮ್ಮೆ ಮುಟ್ಟಿಸಬೇಕು. ಇಲ್ಲಾಂದ್ರೆ ಟಿಕೆಟ್ ಇದ್ದೂ ದಂಡ. ಹೊಸಬರಿಗೆ ಇದೆಲ್ಲ ಎಲ್ಲಿ ಹೊಳೆಯುತ್ತೆ ಹೇಳಿ!

ಚಾರ್ಜರ್ ಕಥೆಯೂ ಅಷ್ಟೇ. ಹಾಂಗ್‌ಕಾಂಗ್ ಗೋಡೆಯಲ್ಲಿ ಬ್ರಿಟಿಷರ ಮೂರು ಚೌಕ ಪಿನ್ನಿನ ತೂತು. ಚೀನಾದ ಚಪ್ಪಟೆ ಪಿನ್ ಕೂರಲ್ಲ. ಅಡಾಪ್ಟರ್ ಊರಿಂದಲೇ ತರಬೇಕು.

ಹಾಂಗ್‌ಕಾಂಗ್ ಬಂದರಿನಲ್ಲಿ ಈ ದಿನದ ಸಿಡಿಮದ್ದು ಪ್ರದರ್ಶನ ಇರೋ ವರ್ಷ ಎಲ್ಲರೂ ಒಟ್ಟಿಗೇ ವಾಪಸ್ ಹೊರಡ್ತಾರೆ. ಲೋ ವೂ ಮಾಮೂಲಾಗಿ ರಾತ್ರಿ 12ಕ್ಕೆ ಬಂದ್. ತಪ್ಪಿದ್ರೆ 24 ಗಂಟೆ ತೆರೆದಿರೋ ಹುವಾಂಗ್‌ಗಾಂಗ್ ಗಡಿಗೆ ಬಸ್ ಹಿಡಿಯೋದೇ ದಾರಿ.