ವಾಲ್ವ್ ಓಡ್ತಾ ಇದೆಯಲ್ಲ ಸರ್!

"ವಾಲ್ವ್ ಓಡ್ತಾ ಇದೆಯಲ್ಲ ಸರ್, ಮತ್ತೇನು ಪ್ರಾಬ್ಲಂ?" ಮಂಗಳವಾರ ವಾಕಿಟಾಕಿಯಲ್ಲಿ ನಮ್ಮ ಪ್ಯಾನೆಲ್ ಆಪರೇಟರ್ ಕೇಳಿದ್ದು. ವಾರ ಮುಗಿಯುತ್ತಾ ಬಂತು, ಆ ಮಾತು ಇನ್ನೂ ಕಿವಿಯಿಂದ ಹೋಗಿಲ್ಲ.

ಅವನು ಹೇಳಿದ್ದು ಸುಳ್ಳೇನಲ್ಲ. ಸ್ಟೀಮ್ ಲೈನಿನ ವಾಲ್ವ್ ಅದು. 4ರಿಂದ 20 ಮಿಲಿಆಂಪ್ ಕರೆಂಟ್ ಕೊಟ್ಟರೆ ಅದಕ್ಕೆ ತಕ್ಕಷ್ಟು ತೆರೆಯುತ್ತಿತ್ತು. ಸತ್ತಿದ್ದು ಅದೇ ಎರಡು ತಂತಿಯಲ್ಲಿ ಹೋಗುವ ಇನ್ನೊಂದು ಮಾತುಕತೆ, ಅಂದರೆ ಉಪಕರಣ ತನ್ನ ಸ್ಥಿತಿಗತಿ ತಿಳಿಸುವ ಹಾರ್ಟ್ (HART) ಎಂಬ ಡಿಜಿಟಲ್ ಸಂವಹನ. ಕರೆಂಟಿನ ಮೇಲೆ ಸಣ್ಣ ಅಲೆಗಳಾಗಿ ಕೂತಿರುತ್ತದೆ. ಡಿಜಿಟಲ್ '1'ಕ್ಕೆ 1200 ಹರ್ಟ್ಜ್, '0'ಗೆ 2200. ಆ ಅಲೆಗಳ ಸರಾಸರಿ ತೆಗೆದರೆ ಸೊನ್ನೆ, ಹಾಗಾಗಿ ಇದ್ದರೂ ಹೋದರೂ ವಾಲ್ವ್ ಅಲುಗಾಡುವುದಿಲ್ಲ. ಕಂಪ್ಯೂಟರಿನಲ್ಲಿ ಪೊಸಿಷನರ್ (ಕರೆಂಟಿಗೆ ತಕ್ಕಂತೆ ಗಾಳಿಯ ಒತ್ತಡದಿಂದ ವಾಲ್ವನ್ನು ತೆರೆದು ಮುಚ್ಚುವ ಸಾಧನ) ಹೆಸರಿನ ಮುಂದೆ ಒಂದು ಕೆಂಪು ಗುರುತು ಬರುತ್ತದೆ, ಅಷ್ಟೇ. ಅದನ್ನು ಯಾರು ನೋಡ್ತಾರೆ?

ವಾಲ್ವನ್ನು ಬೈಪಾಸ್‌ಗೆ ಹಾಕಿಸಿಕೊಂಡು, ಅಂದರೆ ಸ್ಟೀಮ್ ಪಕ್ಕದ ದಾರಿಯಲ್ಲಿ ಹೋಗುವಂತೆ ಮಾಡಿಸಿಕೊಂಡು ಹೋದೆವು. ಪೊಸಿಷನರ್ ಟರ್ಮಿನಲ್‌ಗೇ ಕಮ್ಯುನಿಕೇಟರ್ (ಹಾರ್ಟ್‌ನಲ್ಲಿ ಮಾತಾಡಿಸುವ ಕೈಯಲ್ಲಿ ಹಿಡಿಯುವ ಯಂತ್ರ) ಹಚ್ಚಿದರೂ ಉತ್ತರವಿಲ್ಲ. ಜೊತೆಗಿದ್ದ ಹುಡುಗ, ಟ್ರಾನ್ಸ್‌ಮಿಟರ್ (ಅಳತೆ ಕಳಿಸುವ ಉಪಕರಣ) ಕೆಲಸದಲ್ಲಿ ಪಳಗಿದವನು, ಜೇಬಿನಿಂದ 250 ಓಮ್ ರೆಸಿಸ್ಟರ್ ತೆಗೆದು ಸೀರೀಸ್‌ನಲ್ಲಿ ಸೇರಿಸಿಯೇ ಬಿಟ್ಟ. ತಕ್ಷಣ ಸಂಪರ್ಕ ಬಂತು! ಅವನ ಮುಖ ನೋಡಬೇಕಿತ್ತು. ಆಗ ಔಟ್‌ಪುಟ್ 8 ಮಿಲಿಆಂಪ್ ಇತ್ತು. "18ಕ್ಕೆ ಏರಿಸಿ" ಅಂದೆ. ಡಿಸ್‌ಪ್ಲೇ ಪಕಪಕ ಅಂತು, ಆರಿತು, ವಾಲ್ವ್ ಧಡ್ ಅಂತ ಮುಚ್ಚಿಕೊಂಡಿತು. ಲೆಕ್ಕ ಸರಳ: 18 ಮಿಲಿಆಂಪ್‌ಗೆ 250 ಓಮ್ ತಿನ್ನುವುದು 4.5 ವೋಲ್ಟ್. ನಡುವೆ ಇರುವ ಬ್ಯಾರಿಯರ್‌ಗೂ (ಕಿಡಿ ಹಾರದಂತೆ ಕಾಯುವ ಸುರಕ್ಷತಾ ಸಾಧನ) ಪಾಲು ಕೊಡಬೇಕು. ಉಳಿದದ್ದರಲ್ಲಿ ಪೊಸಿಷನರ್‌ಗೆ ಹೊಟ್ಟೆ ತುಂಬುವುದಿಲ್ಲ. ಲೈನಿನಲ್ಲಿದ್ದಾಗ ಹೀಗಾಗಿದ್ದರೆ ಪ್ಲಾಂಟ್ ಟ್ರಿಪ್ಪೇ, ಅಂದರೆ ಏಕಾಏಕಿ ಬಂದ್.

ರೆಸಿಸ್ಟರ್ ಕಿತ್ತು, ಫೀಲ್ಡ್ ತಂತಿ ಬಿಡಿಸಿ, ಲೂಪ್ ಕ್ಯಾಲಿಬ್ರೇಟರ್ ಎಂಬ ಪರೀಕ್ಷಾ ಯಂತ್ರದಿಂದ ಕರೆಂಟ್ ಕೊಟ್ಟರೆ ಪೊಸಿಷನರ್ ಚೆನ್ನಾಗಿಯೇ ಮಾತಾಡಿತು. ಹಾಗಾದರೆ ರೋಗ ಕಂಟ್ರೋಲ್ ರೂಮಿನ ಕಡೆ. ವಿಚಾರಿಸಿದಾಗ ಹೊರಬಿತ್ತು: ವಾಲ್ವ್‌ಗೆ ಕರೆಂಟ್ ಕಳಿಸುವ ಔಟ್‌ಪುಟ್ ಕಾರ್ಡ್ ಸಿಡಿಲಿಗೆ ಸುಟ್ಟು, ಅದರ ಜಾಗಕ್ಕೆ ಸ್ಟೋರಿನಲ್ಲಿದ್ದ ಹಾರ್ಟ್ ಇಲ್ಲದ ಕಾರ್ಡ್ ಹಾಕಿದ್ದರು. ಅದರ ಔಟ್‌ಪುಟ್ಟಿನಲ್ಲಿರುವ ಫಿಲ್ಟರ್ ಸರ್ಕ್ಯೂಟ್ ನಮ್ಮ ಅಲೆಗಳನ್ನು ನುಂಗಿಹಾಕುತ್ತದೆ. ಸ್ಟೋರಿನವರ ಉತ್ತರ: "ಅದೂ ಅನಲಾಗ್ ಔಟ್‌ಪುಟ್ ಕಾರ್ಡೇ ಅಲ್ವಾ?" ಹೌದಪ್ಪಾ, ಹೌದು.

ಕ್ಯಾಲಿಬ್ರೇಟರ್‌ನಲ್ಲಿ ಮಾತಾಡಿದ್ದೇ ತಡ, ಪೊಸಿಷನರ್ ತನ್ನೊಳಗಿನ ಅಲರ್ಟ್ ಪಟ್ಟಿ ಬಿಚ್ಚಿತು. ಏರ್ ಸಪ್ಲೈ ಕಡಿಮೆ, ಮತ್ತೆ ಕಡಿಮೆ, ಮತ್ತೆ ಕಡಿಮೆ. ಪಕ್ಕದಲ್ಲೇ ಇದ್ದ ಏರ್ ರೆಗ್ಯುಲೇಟರಿನ ಡ್ರೈನ್ ತಿರುಗಿಸಿದೆ. ತುಕ್ಕು ಬಣ್ಣದ ನೀರು ಬೂಟಿನ ಮೇಲೆಲ್ಲ ಚಿಮ್ಮಿತು. ಎಷ್ಟು ಕಾಲದಿಂದ ಅದು ಹೇಳ್ತಾ ಇತ್ತೋ, ಕೇಳುವ ದಾರಿಯನ್ನು ನಾವೇ ಮುಚ್ಚಿದ್ದೆವು.

ಆಪರೇಟರ್ ಮೇಲೆ ನನಗೆ ಸಿಟ್ಟಿಲ್ಲ. ವಾಲ್ವ್ ಬೈಪಾಸ್‌ಗೆ ಹಾಕಿದರೆ ಅವನಿಗೆ ತಲೆನೋವು, ಕೈಯಲ್ಲಿ ಸ್ಟೀಮ್ ಸಂಭಾಳಿಸಲು ಒಬ್ಬನನ್ನು ಅಲ್ಲಿ ನಿಲ್ಲಿಸಬೇಕು. ಸಿಟ್ಟು ಬರುವುದು ಅಷ್ಟು ದುಡ್ಡು ಸುರಿದು ಆ ಕೆಂಪು ಗುರುತು ತೋರಿಸುವ ಸಾಫ್ಟ್‌ವೇರ್ ತಂದು, ಅದರ ಮುಂದೆ ಕೂರಲು ಒಬ್ಬರನ್ನೂ ನೇಮಿಸದವರ ಮೇಲೆ. ಆದರೆ ಯೋಚಿಸಿದರೆ ಅವನ ಪ್ರಶ್ನೆ ಎಲ್ಲ ಕಡೆ ಇದೆ. ಅಮ್ಮನಿಗೆ ಬಿಪಿ ಚೆಕ್ ಮಾಡಿಸೋಣ ಅಂದರೆ, "ಓಡಾಡ್ಕೊಂಡು ಇದೀನಲ್ಲ, ಸುಮ್ನಿರು" ಅನ್ನುತ್ತಾಳೆ. ನಿಂತು ಹೋಗುವವರೆಗೂ ನಮಗೆ ಎಲ್ಲವೂ ಸರಿಯೇ. ನಿಂತ ಮೇಲೆ ಮೀಟಿಂಗ್ ಕರೆದು ಮೊದಲೇ ಯಾಕೆ ಗೊತ್ತಾಗಲಿಲ್ಲ ಅಂತ ಕೇಳುತ್ತೇವೆ.

ಗುರುವಾರ ಒಂದು ಹಾರ್ಟ್ ಫಿಲ್ಟರ್ ಸಿಕ್ಕಿತು. ಕಾರ್ಡಿನ ಫಿಲ್ಟರ್ ನುಂಗುವಂಥದ್ದಾದರೆ, ಇದು ಅಲೆಗಳನ್ನು ಕಾರ್ಡ್ ನುಂಗದಂತೆ ತಡೆಯುವಂಥದ್ದು. ಕಾರ್ಡಿಗೂ ಫೀಲ್ಡ್ ತಂತಿಗೂ ನಡುವೆ ಹಾಕಿ, 4ರಿಂದ 20 ಮಿಲಿಆಂಪ್‌ವರೆಗೆ ಪೂರ್ತಿ ಸ್ಟ್ರೋಕ್ ಮಾಡಿಸಿ, ಅಂದರೆ ವಾಲ್ವನ್ನು ಈ ತುದಿಯಿಂದ ಆ ತುದಿಗೆ ಓಡಿಸಿ ನೋಡಿದೆವು. ಡಿಸ್‌ಪ್ಲೇ ಆರಲಿಲ್ಲ, ಸಂಪರ್ಕವೂ ತಪ್ಪಲಿಲ್ಲ. ಆದರೆ ಆ ಕಾರ್ಡಿನಲ್ಲಿ ಎಂಟು ಚಾನೆಲ್ ಇವೆ, ಇನ್ನೂ ಏಳು ವಾಲ್ವ್‌ಗಳ ಮುಂದೆ ಕೆಂಪು ಗುರುತು ಹಾಗೇ ಇದೆ. ಸರಿಯಾದ ಕಾರ್ಡಿಗೆ ಇಂಡೆಂಟ್ (ಬೇಡಿಕೆ ಪತ್ರ) ಹಾಕಿದ್ದೇನೆ, ಅದು ಬರುವಾಗ ಬರಲಿ. ಆ ಏಳರ ಏರ್ ರೆಗ್ಯುಲೇಟರ್‌ಗಳನ್ನು ಮಾತ್ರ ನಾಳೆ ಬೆಳಗ್ಗೆಯೇ ಡ್ರೈನ್ ಮಾಡಿಸುತ್ತೇನೆ.