ಮರಾಕೇಶ್‌ನ ಓಣಿಯ ಹಮ್ಮಾಮ್‌ನಲ್ಲಿ

ಮೊರಾಕೊ ದೇಶದ ಮರಾಕೇಶ್‌ನಲ್ಲಿ ನಾನು ಉಳಿದುಕೊಂಡಿದ್ದ ಮನೆಯ ಯಜಮಾನಿ ಬೆಳಗ್ಗೆಯೇ ಒಂದು ಬಕೆಟ್ ತಂದಿಟ್ಟಿದ್ದರು. ಅದರೊಳಗೆ ಚಿಕ್ಕ ಬೋಗುಣಿ, ಕೂರಲು ಪ್ಲಾಸ್ಟಿಕ್ ಚಾಪೆ, ಕೆಸ್ಸಾ ಅನ್ನುವ ಒರಟು ಕೈಗವಸು, ಮತ್ತೆ ಒಂದು ಪೊಟ್ಟಣದಲ್ಲಿ ಗಟ್ಟಿ ಜೇನಿನ ಹಾಗೆ ಅಂಟಂಟಾದ ಕಪ್ಪು ಸಾಬೂನು. ಓಣಿಯ ಹಮ್ಮಾಮ್‌ಗೆ, ಅಂದರೆ ಊರಿನವರೆಲ್ಲ ಬಂದು ಮೀಯುವ ಹಬೆ ಸ್ನಾನದ ಮನೆಗೆ, ಹೋಗುವವರು ಇದೆಲ್ಲ ತಾವೇ ಒಯ್ಯಬೇಕು. ಗುಲಾಬಿ ಎಸಳು ಉದುರಿಸಿಟ್ಟ ಹೋಟೆಲ್ ಹಮ್ಮಾಮ್‌ಗಳೂ ಆ ಊರಲ್ಲಿ ಬೇಕಾದಷ್ಟಿವೆ. ಆದರೆ ಅಲ್ಲಿ ಊರಿನವರು ಸಿಗುವುದಿಲ್ಲ, ನನಗೆ ಬೇಕಾಗಿದ್ದದ್ದು ಅವರೇ.

ಗಂಡಸರಿಗೆ, ಹೆಂಗಸರಿಗೆ ಬೇರೆ ಬೇರೆ ಹೊತ್ತು. ನಾನು ಹೋದದ್ದು ಮಧ್ಯಾಹ್ನದ ಮೇಲೆ, ಹೆಂಗಸರ ಹೊತ್ತಿನಲ್ಲಿ. ಬಾಗಿಲಲ್ಲಿ 15 ದಿರ್ಹಮ್ ಕೊಟ್ಟೆ. ಬಟ್ಟೆ ಬಿಚ್ಚಿಟ್ಟು ಒಳಚಡ್ಡಿಯಲ್ಲಿ ಒಳಗೆ ಹೋಗಬೇಕು. ಎರಡು ನಿಮಿಷ ನಾಚಿಕೆಯಾಯಿತು, ಆಮೇಲೆ ಇಲ್ಲ. ಯಾಕೆಂದರೆ ಯಾರೂ ಯಾರನ್ನೂ ನೋಡುತ್ತಿರಲಿಲ್ಲ. ಅಜ್ಜಿಯರು, ಬಸುರಿಯರು, ಹೊಟ್ಟೆಯ ಮೇಲೆ ಆಪರೇಷನ್ ಗುರುತು ಇರುವವರು, ಮೊಮ್ಮಗಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ತಿಕ್ಕುತ್ತಿದ್ದ ಒಬ್ಬರು, ಎಲ್ಲರೂ ಸುಮ್ನೆ ತಮ್ಮ ಪಾಡಿಗೆ ಸ್ನಾನ ಮಾಡುತ್ತಾ ಜೋರಾಗಿ ಮಾತಾಡಿಕೊಳ್ಳುತ್ತಿದ್ದರು.

ಸಾಲಾಗಿ ಮೂರು ಕೋಣೆ. ಮೊದಲನೆಯದು ತಣ್ಣಗೆ, ನಡುವಿನದು ಬೆಚ್ಚಗೆ, ಕೊನೆಯದು ಸುಡುಸುಡು. ರೋಮನ್ನರ ಸ್ನಾನದ ಮನೆಗಳಲ್ಲೂ ಹೀಗೇ ಇತ್ತು. ಗುಮ್ಮಟದ ಸಣ್ಣ ತೂತುಗಳಿಂದ ಬೆಳಕು ಕೋಲು ಕೋಲಾಗಿ ಹಬೆಯೊಳಗೆ ಇಳಿಯುತ್ತದೆ. ಗೋಡೆಯ ಆಚೆ ಒಲೆ, ಅದಕ್ಕೆ ಫರ್ನಾಚಿ ಅನ್ನುತ್ತಾರೆ. ಸೌದೆ, ಮರದ ಹೊಟ್ಟು ಎಲ್ಲಾ ಅದಕ್ಕೆ ಹೋಗುತ್ತದೆ. ಈ ಊರಿನವರು ಮಾಂಸ, ಬೆಳ್ಳುಳ್ಳಿ, ಉಪ್ಪಿನಲ್ಲಿ ಹಾಕಿಟ್ಟ ನಿಂಬೆ, ಜೀರಿಗೆ ತುಂಬಿದ ಮಣ್ಣಿನ ಹೂಜಿಯನ್ನು ತಂದು ಆ ಒಲೆಯ ಬೂದಿಯಲ್ಲಿ ಹೂತಿಟ್ಟು ಹೋಗುತ್ತಾರೆ, ಗಂಟೆಗಟ್ಟಲೆ ಬೆಂದ ಮೇಲೆ ಅದು ತಂಜಿಯಾ. ಒಂದೇ ಬೆಂಕಿಯಲ್ಲಿ ಸ್ನಾನವೂ ಆಯಿತು, ಅಡುಗೆಯೂ ಆಯಿತು. ನನಗೆ ತುಂಬಾ ಇಷ್ಟವಾದ ವಿಷಯ ಇದು.

ಕಪ್ಪು ಸಾಬೂನು ಆಲಿವ್ ಎಣ್ಣೆಯದು, ನೊರೆ ಜಾಸ್ತಿ ಬರುವುದಿಲ್ಲ. ಮೈಗೆಲ್ಲ ಹಚ್ಚಿಕೊಂಡು ಬಿಸಿ ಕೋಣೆಯಲ್ಲಿ ಕೂರಬೇಕು, ಚರ್ಮ ಮೆತ್ತಗಾಗುವವರೆಗೆ. ನಾನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಕೂತೆ. ತಲೆ ಸುತ್ತಿತು. ಪಕ್ಕದಲ್ಲಿದ್ದ ಹೆಂಗಸು ಏನೂ ಕೇಳದೆ ನನ್ನ ರಟ್ಟೆ ಹಿಡಿದು ನಡುವಿನ ಕೋಣೆಗೆ ಕರೆದುಕೊಂಡು ಹೋಗಿ ಪಾದಕ್ಕೆ ತಣ್ಣೀರು ಸುರಿದರು. ನೀವು ಹೋದರೆ ಮೊದಲೇ ನೀರು ಕುಡಿದು ಹೋಗಿ, ಹೊಟ್ಟೆ ತುಂಬಾ ಉಂಡು ಹೋಗಬೇಡಿ.

ಆಮೇಲೆ ತಯ್ಯಾಬಾ ಬಂದರು. ಮೈ ತಿಕ್ಕುವವರಿಗೆ ಅಲ್ಲಿ ಹಾಗನ್ನುತ್ತಾರೆ. ನಮ್ಮಿಬ್ಬರ ನಡುವೆ ಒಂದು ಭಾಷೆಯೂ ಇರಲಿಲ್ಲ. ತೊಡೆಗೆ ಒಂದು ಏಟು ಕೊಟ್ಟರೆ ಮಗ್ಗುಲು ಬದಲಿಸು ಅಂತ, ಭುಜ ತಟ್ಟಿದರೆ ಎದ್ದು ಕೂರು ಅಂತ. ಕೆಸ್ಸಾ ಹಾಕಿಕೊಂಡು ಕತ್ತಿನಿಂದ ಹಿಮ್ಮಡಿಯವರೆಗೆ ಉಜ್ಜಿದರು, ಮೆಲ್ಲಗೆ ಅಂತೂ ಅಲ್ಲ. ತೋಳಿನ ಮೇಲೆ ಬೂದು ಬಣ್ಣದ ಎಳೆಗಳು ಸುರುಳಿ ಸುರುಳಿಯಾಗಿ ಎದ್ದವು. ಅದನ್ನು ಅವರು ನನಗೆ ತೋರಿಸಿ ಖುಷಿಯಿಂದ ನಕ್ಕರು, ನಾನೂ ನಕ್ಕೆ. ದೊಡ್ಡವಳಾದ ಮೇಲೆ ನನ್ನನ್ನು ಯಾರೂ ಹಾಗೆ ತೊಳೆದಿರಲಿಲ್ಲ. ಕಣ್ಣು ತುಂಬಿತು, ಬಿಸಿನೀರಿನಲ್ಲಿ ಅದು ಯಾರಿಗೂ ಕಾಣಿಸಲಿಲ್ಲ ಅಂದುಕೊಳ್ಳುತ್ತೇನೆ. ಕೊನೆಗೆ ತಲೆಗೆ ಗಸ್ಸೂಲ್, ಅಟ್ಲಾಸ್ ಬೆಟ್ಟದ ಕಡೆಯ ಜೇಡಿಮಣ್ಣು, ನೀರಿನಲ್ಲಿ ಕಲಸಿದ್ದು.

ನೀರು ಮಾತ್ರ ಎಲ್ಲರೂ ಅಳೆದು ಬಳಸುತ್ತಿದ್ದರು, ಬಕೆಟ್ ಲೆಕ್ಕದಲ್ಲಿ. ವರ್ಷಗಟ್ಟಲೆ ಬರ ಕಂಡ ದೇಶ ಅದು. 2024ರಲ್ಲಿ ಅಲ್ಲಿನ ಹಲವು ಊರುಗಳಲ್ಲಿ ಹಮ್ಮಾಮ್‌ಗಳನ್ನು ವಾರಕ್ಕೆ ಮೂರು ದಿನ ಮುಚ್ಚಿಸಿದ್ದರು. ಮನೆಯಲ್ಲಿ ಬಿಸಿನೀರಿಲ್ಲದವರಿಗೆ, ಒಲೆ ಹಚ್ಚುವವರಿಗೆ, ಮೈ ತಿಕ್ಕಿ ದುಡಿಯುವ ಈ ಹೆಂಗಸರಿಗೆ ಆ ಮೂರು ದಿನ ಎಷ್ಟು ಭಾರ ಅಲ್ವಾ? ಅದಕ್ಕೇ ಹೇಳುತ್ತೇನೆ, ಹೋದವರು ನಲ್ಲಿ ಬಿಟ್ಟು ಮಾತಿಗೆ ಕೂರಬೇಡಿ, ತಯ್ಯಾಬಾಗೆ ಕೊಡುವಾಗ ಚೌಕಾಸಿ ಮಾಡಬೇಡಿ.

ಹೊರಗೆ ಬಟ್ಟೆ ಹಾಕಿಕೊಳ್ಳುವಾಗ ಒಬ್ಬೊಬ್ಬರಾಗಿ ನನ್ನ ಕಡೆ ನೋಡಿ "ಬ್‌ಸಹ್ಹಾ" ಅಂದರು. ಆರೋಗ್ಯವಾಗಿರು ಅಂತ, ಸ್ನಾನ ಮಾಡಿ ಬಂದವರಿಗೆ ಹೇಳುವ ಮಾತು. ಏನು ಹೇಳಬೇಕೋ ಗೊತ್ತಾಗದೆ ತಲೆಯಾಡಿಸಿದೆ. ಮನೆಗೆ ಬಂದು ಯಜಮಾನಿಯನ್ನು ಕೇಳಿ ಉತ್ತರ ಕಲಿತೆ, ದೇವರು ನಿನಗೆ ಆರೋಗ್ಯ ಕೊಡಲಿ ಅಂತ. ಎರಡು ದಿನ ಬಿಟ್ಟು ಅದೇ ಬಕೆಟ್ ಹಿಡಿದುಕೊಂಡು ಮತ್ತೆ ಹೋದೆ, "ಅಲ್ಲಾ ಯಾತೀಕ್ ಸಹ್ಹಾ" ಅಂದೆ.